ಎಡಗೈಯಲ್ಲಿ ಕೊಟ್ಟ ಮುಖವಾಡ

ಕೊಲೆಯಿಲ್ಲ, ರಕ್ತವಿಲ್ಲ, ಪಿಸ್ತೂಲಿಲ್ಲ. ಇವೊಂದೂ ಇಲ್ಲದೆ ಪತ್ತೇದಾರಿ ಕಥೆ ಹೇಳಹೊರಟಿದ್ದಕ್ಕೆ ಓದುಗರು ಮನ್ನಿಸಬೇಕು. ಕಳುವಾದದ್ದು ಒಂದು ಮರದ ಮುಖವಾಡ. ಪತ್ತೆ ಹಚ್ಚಿದವಳು ಕೇರಿಯ ಮುಖ್ಯಸ್ಥೆ. ಆದರೂ ಕೆದುಂಗ್‌ಸಾರಿ ಎಂಬ ಹಳ್ಳಿಯಲ್ಲಿ ಆ ದಿನ ಒಬ್ಬ ಮನುಷ್ಯನ ಮಾನ ಹೋಗುವುದರಲ್ಲಿತ್ತು. ಅದಕ್ಕೇ ಹೇಳುತ್ತಿರುವುದು.

ಬೆಳಿಗ್ಗೆ ಗಿಮುನ್ ಮುಖವಾಡದ ಪೆಟ್ಟಿಗೆಯ ಹಗ್ಗ ಬಿಚ್ಚಿದ. ಕೆಂಪು ವಸ್ತ್ರದ ಗಂಟು ಸಡಿಲಿಸಿದ. ಒಳಗೆ ಮುಖವಾಡವಿರಲಿಲ್ಲ — ಒಂದು ತೆಂಗಿನಕಾಯಿ ಇತ್ತು.

"ಬು! ಬು ಸುಪಾರ್ತಿ! ಬೇಗ ಬನ್ನಿ, ನಾನು ಸತ್ತೆ!"

ಊರವರೆಲ್ಲ 'ಬು', ಅಂದರೆ ಅಮ್ಮ, ಎಂದು ಕರೆಯುವ ಮುಖ್ಯಸ್ಥೆ ಸುಪಾರ್ತಿ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಅವಳಿಗಿಂತ ಮೊದಲೇ ಜಕಾರ್ತದಿಂದ ಬಂದ ಸಿನಿಮಾ ಕಂಪನಿಯ ಯುಧಾ ಅಲ್ಲಿ ನಿಂತಿದ್ದ.

"ರಾತ್ರಿ ಪೆಟ್ಟಿಗೆ ಎಲ್ಲಿತ್ತು?" ಯುಧಾ ಕೇಳಿದ.

"ನನ್ನ ಮಂಚದ ಕೆಳಗೆ."

"ಬೀಗ?"

"ಬೀಗ ಎಲ್ಲಿಂದ ಬರಬೇಕು ಸ್ವಾಮಿ? ಹಗ್ಗ ಬಿಗಿದಿದ್ದೆ."

"ಹಾಗಾದರೆ ಇನ್ಯಾರನ್ನು ಕೇಳಲಿ? ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮುಖವಾಡ ಸಿಗದಿದ್ದರೆ ಪೊಲೀಸ್ ಠಾಣೆಗೆ ಹೋಗುತ್ತೇನೆ. ನಿಮ್ಮ ಹೆಸರನ್ನೇ ಹೇಳಬೇಕಾಗುತ್ತದೆ."

ಗಿಮುನ್ ತನ್ನ ಮನೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಬಯಲಲ್ಲಿ ಬಿದಿರು ನೆಟ್ಟು ಪರದೆ ಕಟ್ಟಿ ಸಿನಿಮಾ ತೋರಿಸುತ್ತಲೇ ತಲೆ ನೆರೆಸಿಕೊಂಡವನು ಅವನು. ಊರಿನವಳೇ ಆಗಿದ್ದ, ಈಗ ತೀರಿಹೋಗಿರುವ ಲೇಖಕಿಯೊಬ್ಬಳು ಬರೆದ ಅದ್ಭುತ ಕಾದಂಬರಿ 'ಏಳು ಮುಖಗಳ ಕಾಡು' ಸಿನಿಮಾ ಆಗಿತ್ತು. ಕಂಪನಿ ಅದನ್ನು ಹಿಂದಿನ ರಾತ್ರಿ ಅವಳ ಊರಿಗೆ ತಂದು ತೋರಿಸಿತ್ತು. ಜೊತೆಗೆ ತೆರೆಯ ಮೇಲೆ ಕಾಡಿನ ರಾಣಿ ಧರಿಸಿದ ಮುಖವಾಡವನ್ನೇ ತಂದು, ಊರ ಮಂಟಪದಲ್ಲಿ ತೂಗುಹಾಕಲು ಕೊಟ್ಟಿತ್ತು. ಅದನ್ನು ಕಾಯುವ ಗೌರವ ಗಿಮುನ್‌ನದು.

ಸುಪಾರ್ತಿಗೆ ಇದು ಹೊಸದು. ಕೇರಿಯಲ್ಲಿ ಕೋಳಿ ಜಗಳ ಬಿಡಿಸಿದ್ದಳು, ನಲ್ಲಿಯ ಸರದಿ ಸರಿಮಾಡಿದ್ದಳು. ಕಳ್ಳನನ್ನು ಹಿಡಿಯುವುದೆಂದರೆ? ಸಂಜೆ ಶಾಲೆಯಲ್ಲಿ ಈಗಷ್ಟೇ ಹೈಸ್ಕೂಲು ಓದುತ್ತಿರುವ ತಾನು ಯಾರ ಮೇಲೆ ಬೆರಳು ತೋರಿಸಬಲ್ಲೆ? ತಪ್ಪಾಗಿ ತೋರಿಸಿದರೆ?

ಏನೂ ತೋಚದೆ ಆ ತೆಂಗಿನಕಾಯಿಯನ್ನು ಕೈಗೆತ್ತಿಕೊಂಡಳು. ಮೂಗಿಗೆ ಹಿಡಿದಳು. ಹಿರಿಯರನ್ನು ಕರೆಯುವ 'ಪಾ' ಸೇರಿಸಿ ಕೇಳಿದಳು.

"ಪಾ ಗಿಮುನ್, ನಿಮ್ಮ ಮನೇಲಿ ಕಾಯಿಗೆ ಗುಲಾಬಿ ಎಸಳು ಅಂಟಿಸ್ತೀರಾ?"

"ಅಡುಗೆಗೆ ತಂದ ಕಾಯಿಗೆ ಹೂವು ಯಾರು ಇಡ್ತಾರೆ ಬು?"

"ಇದು ನೈವೇದ್ಯದ ಕಾಯಿ. ನಿನ್ನೆ ಸಂಜೆ ಪರದೆ ಹಿಂದೆ, ಮಂಟಪದ ಮೆಟ್ಟಿಲ ಮೇಲೆ ನಾನೇ ಇಟ್ಟಿದ್ದು. ಸಿನಿಮಾ ನಡೆವಾಗ ಪೆಟ್ಟಿಗೆ ಎಲ್ಲಿತ್ತು?"

"ಅಲ್ಲೇ… ಆ ಮೆಟ್ಟಿಲ ಮೇಲೇ." ಗಿಮುನ್ ತಲೆ ಎತ್ತಿದ. "ಮುಗಿದ ಮೇಲೆ ಹಗ್ಗ ಬಿಗಿದು ತಂದೆ. ಭಾರ ಇತ್ತು, ಹಾಗಾಗಿ ಬಿಚ್ಚಿ ನೋಡ್ಲಿಲ್ಲ."

ಅಂದರೆ ಕಳುವಾದದ್ದು ಮನೆಯಲ್ಲಲ್ಲ — ಬಯಲಲ್ಲಿ, ಸಿನಿಮಾ ನಡೆಯುತ್ತಿದ್ದಾಗ.

ಯುಧಾ ಒಪ್ಪಲಿಲ್ಲ. "ಹಗ್ಗ ಕಟ್ಟಿದ ಮೇಲೆ ಹಿಂದೆ ಹೋದವರು ಇವರೊಬ್ಬರೇ. ಬೇರೆ ಯಾರೂ ಹೋಗದಂತೆ ನಾನೇ ಹಗ್ಗ ಕಟ್ಟಿಸಿದ್ದೆ."

*

ಮಂಟಪದ ಎದುರಿನ ಬಯಲಲ್ಲಿ ಆಗಲೇ ಇನ್ನೊಂದು ಯುದ್ಧ ನಡೆದಿತ್ತು. ಊರು ಎರಡಾಗಿತ್ತು — ಸಿನಿಮಾ ಮೆಚ್ಚಿದವರು, ಪುಸ್ತಕ ಮೆಚ್ಚಿದವರು. ಸಿನಿಮಾ ಮೆಚ್ಚಿದವರೇ ಹೆಚ್ಚು. ಅವರೆಲ್ಲರ ಪರವಾಗಿ ಕೂಗುತ್ತಿದ್ದವಳು ಕಡಲೆಕಾಯಿ ಮಾರುವ ರತ್ಮಿ.

"ಏಳು ಮುಖದಲ್ಲಿ ಎರಡನ್ನ ಸಿನಿಮಾದವರು ನುಂಗಿಹಾಕಿದಾರಂತೆ! ಐದು ಇದ್ವಲ್ಲ, ಸಾಲ್ದಾ? ಕಾಡು ಎದ್ದು ನಡ್ಕೊಂಡು ಬಂತು ನೋಡಿ ಬು, ನನ್ನ ಬಾಣಲೇಲಿ ಕಡಲೆಕಾಯಿ ಸೀದು ಕರಿ ಆಯ್ತು. ನಂಗೆ ಗೊತ್ತೇ ಆಗ್ಲಿಲ್ಲ!"

"ಗೊತ್ತಾಯ್ತು, ನಾವೇ ತಿಂದ್ವಲ್ಲ," ಎಂದು ಯಾರೋ ಕಿಚಾಯಿಸಿದರು.

"ರತ್ಮಿ, ನೀನು ಎಲ್ಲಿ ಕೂತಿದ್ದೆ?" ಸುಪಾರ್ತಿ ಕೇಳಿದಳು.

"ಎದುರಿಗೇ. ಎಲ್ಲಾ ಎದುರಿಗೇ. ನಮ್ಮಪ್ಪನ ಕಾಲದಿಂದ ಅರ್ಧ ಊರು ಪರದೆ ಹಿಂದೇನೇ ಕೂತು ನೋಡ್ತಿತ್ತು. ನಿನ್ನೆ ದೊಡ್ಡಮನುಷ್ಯರು ಹಗ್ಗ ಕಟ್ಟಿಬಿಟ್ರು."

"ರಾಣಿ ಮುಖವಾಡ ಕೊಡೋ ದೃಶ್ಯ ನೋಡಿದ್ಯಾ? ಆಗ ನಾನು ಚಹಾ ತರೋಕೆ ಹೋಗಿದ್ದೆ."

"ಅಯ್ಯೋ, ಅದನ್ನ ತಪ್ಪಿಸ್ಕೊಂಡ್ರಾ? ಬಲಗೆನ್ನೆ ಮಚ್ಚೆ ಮೇಲೆ ಒಂದೇ ಒಂದು ಹನಿ ಕಣ್ಣೀರು. ಆಮೇಲೆ ಆ ಎಡಗೈ ಚಾಚಿದಳು ನೋಡಿ — ಮೈ ಜುಂ ಅಂತು!"

ಸುಪಾರ್ತಿ ತಲೆಯಾಡಿಸಿದಳು. ಆ ಮಾತಿನಲ್ಲಿ ವಿಶೇಷವೇನೂ ಅವಳಿಗೆ ಕಾಣಲಿಲ್ಲ.

ಪುಸ್ತಕದ ಪಕ್ಷದ ಮುಖಂಡ ಊರ ವಾಚನಾಲಯ ನೋಡಿಕೊಳ್ಳುವ ವಿರ್ಯೊ. ಕಾದಂಬರಿ ಅವನಿಗೆ ಬಾಯಿಪಾಠ. ಸಿನಿಮಾ ನೋಡುವುದೇ ಇಲ್ಲವೆಂದು ಊರಿಗೆಲ್ಲ ಸಾರಿದ್ದವನು. ಅವನನ್ನು ಎಲ್ಲರೂ ಕರೆಯುವುದು 'ಮಾಸ್', ಅಣ್ಣ ಎಂದು.

"ಮಾಸ್ ವಿರ್ಯೊ, ನೀವು ನಿನ್ನೆ ಬರ್ಲಿಲ್ಲ ಅಲ್ವಾ?"

"ಬಂದಿದ್ದೆ ಬು. ಬರಬಾರದಿತ್ತು. ತಡವಾಗಿ ಬಂದು ಹುಣಸೆಮರದ ಕೆಳಗೆ, ಎಲ್ಲರ ಹಿಂದೆ ನಿಂತಿದ್ದೆ."

"ಯಾರಾದ್ರೂ ಪರದೆ ಹಿಂದೆ ಹೋಗಿದ್ದು ಕಂಡ್ರಾ?"

"ನನ್ನ ಕಣ್ಣಿಗೆ ಬೇರೆ ಏನು ಕಾಣಬೇಕು? ಹೊಟ್ಟೆ ಉರಿದುಹೋಯ್ತು! ಇಡೀ ಕಾದಂಬರಿ ನಿಂತಿರೋದೇ ಆ ಒಂದು ಗಳಿಗೆ ಮೇಲೆ. ನಗರದ ರಾಜ ಮುಖವಾಡ ಕೇಳ್ತಾನೆ. ರಾಣಿ ಕೊಡ್ತಾಳೆ — ಎಡಗೈಯಲ್ಲಿ! 'ತಗೋ, ಆದರೆ ನಿನಗೆ ಯೋಗ್ಯತೆ ಇಲ್ಲ' ಅಂತ ಬಾಯಿಬಿಟ್ಟು ಹೇಳದೇನೇ ಹೇಳ್ತಾಳೆ. ಇವರು? ನಾಜೂಕು ನೋಡಿ, ಬಲಗೈಲಿ ಕೊಡಿಸಿದಾರೆ! ಕೆನ್ನೆ ಮೇಲಿನ ಮಚ್ಚೇನೂ ಎಡಕ್ಕೆ ಹಾರಿಸಿದಾರೆ. ಪುಸ್ತಕ ಓದಿದವರು ಮಾಡೋ ಕೆಲಸಾನಾ ಇದು?"

"ಹಾಗಾದ್ರೆ ತಪ್ಪೇ," ಎಂದಳು ಸುಪಾರ್ತಿ, ಸಮಾಧಾನಕ್ಕೆ.

*

ಬಿಸಿಲು ಏರಿತು. ಬಯಲಲ್ಲಿ ಪರದೆ ಇನ್ನೂ ಇಳಿಸಿರಲಿಲ್ಲ. ಸುಪಾರ್ತಿ ಹಗ್ಗ ದಾಟಿ ಅದರ ಹಿಂದೆ ಹೋದಳು. ಹೆಜ್ಜೆ ಗುರುತು ಹುಡುಕಿದಳು. ಒಣ ಹುಲ್ಲಿನಲ್ಲಿ ಗುರುತೆಲ್ಲಿ? ಸೋತು ಮೆಟ್ಟಿಲ ಮೇಲೆ ಕುಳಿತಳು. ತನ್ನಿಂದ ಆಗುವುದಿಲ್ಲ. ಗಿಮುನ್‌ನ ಹೆಂಡತಿಗೆ ಏನು ಹೇಳಲಿ?

ಚಿಕ್ಕಂದಿನಲ್ಲಿ ಇದೇ ಮೆಟ್ಟಿಲ ಮೇಲೆ, ಅಜ್ಜಿಯ ತೊಡೆಗೊರಗಿ ಎಷ್ಟು ಸಿನಿಮಾ ನೋಡಿದ್ದಳು! ಆ ಸಿನಿಮಾಗಳಲ್ಲಿ ಪಟ್ಟಣದ ಜನ ಎಡಗೈಯಲ್ಲಿ ಅನ್ನ ಉಣ್ಣುತ್ತಿದ್ದರು. ಥೂ, ಎಂಥ ಅನಾಗರಿಕರು ಎಂದು ಅಜ್ಜಿ ಬೈಯುತ್ತಿದ್ದಳು. ಪಟ್ಟಣದವರೆಲ್ಲ ಹಾಗೆಯೇ ಎಂದು ಸುಪಾರ್ತಿ ಮದುವೆಯಾಗುವವರೆಗೂ ನಂಬಿದ್ದಳು.

ಅವಳು ದಡಕ್ಕನೆ ಎದ್ದು ನಿಂತಳು.

*

ನಮಾಜಿಗೆ ಇನ್ನೂ ಹೊತ್ತಿತ್ತು. ಮಂಟಪದಲ್ಲಿ ಎಲ್ಲರೂ ಸೇರಿದ್ದರು. ಸುಪಾರ್ತಿ ಮಧ್ಯಕ್ಕೆ ಬಂದು ನಿಂತಳು.

"ತಪ್ಪಾದ್ರೆ ಎಲ್ಲರೂ ಕ್ಷಮಿಸಬೇಕು. ಒಂದು ಪ್ರಶ್ನೆ. ರಾಣಿ ಮುಖವಾಡ ಕೊಟ್ಟಿದ್ದು ಯಾವ ಕೈಲಿ?"

"ಎಡಗೈಲಿ!" — ಹತ್ತಾರು ದನಿ.

"ಮಚ್ಚೆ?"

"ಬಲಗೆನ್ನೆ!"

ವಿರ್ಯೊ ಮುಂದೆ ನುಗ್ಗಿದ. "ಸುಳ್ಳು. ನಾನು ಕಣ್ಣಾರೆ ಕಂಡಿದ್ದೀನಿ…"

"ಕಂಡಿದ್ದು ನಿಜ ಮಾಸ್. ಕೈ ವಿಷಯದಲ್ಲಿ ನೀವು ಸುಳ್ಳು ಹೇಳ್ತಿಲ್ಲ. ಆದ್ರೆ ತೆಳು ಬಟ್ಟೆ ಪರದೆ. ಎದುರಿಂದ ಎಡಗೈ ಆಗಿದ್ದು ಹಿಂದಿನಿಂದ ಬಲಗೈ ಆಗುತ್ತೆ. ಮಚ್ಚೆ ಬಲಗೆನ್ನೆಯಿಂದ ಎಡಗೆನ್ನೆಗೆ ಹಾರುತ್ತೆ. ಹುಣಸೆಮರ ಇರೋದು ಎದುರಿಗೆ. ನೀವು ನೋಡಿದ ಸಿನಿಮಾ ಕಾಣೋದು ಒಂದೇ ಜಾಗದಿಂದ — ಪೆಟ್ಟಿಗೆ ಇದ್ದ ಮೆಟ್ಟಿಲಿಂದ."

ಗಿಮುನ್ ಕಣ್ಣು ಪಿಳಿಪಿಳಿ ಬಿಟ್ಟ.

ವಿರ್ಯೊ ಒಪ್ಪಿಕೊಂಡ. "ಬರಲ್ಲ ಅಂತ ಸಾರಿದ್ದೆನಲ್ಲ… ರತ್ಮಿ ಬಾಯಿಗೆ ಬೀಳೋಕೆ ಹೆದರಿ ಹಗ್ಗ ದಾಟಿ ಹಿಂದೆ ಹೋಗಿ ನಿಂತೆ. ನೋಡ್ತಾ ನೋಡ್ತಾ ಮೆಚ್ಚಿಬಿಟ್ಟಿದ್ದೆ ಬು, ನಿಜವಾಗ್ಲೂ. ಆ ಕಾಡು ಬಂದಾಗ ಅತ್ತುಬಿಟ್ಟೆ. ಆಮೇಲೆ ಆ ಬಲಗೈ ಬಂತು. ಇವರಿಗೆ ಮುಖವಾಡದ ಯೋಗ್ಯತೆ ಇಲ್ಲ ಅನ್ನಿಸ್ತು. ಪಕ್ಕದಲ್ಲೇ ಇತ್ತು. ತಗೊಂಡೆ. ಭಾರಕ್ಕೆ ಕಾಯಿ ಇಟ್ಟೆ. ಪಾ ಗಿಮುನ್ ಮೇಲೆ ಬರುತ್ತೆ ಅಂತ ಆಗ ಹೊಳೀಲಿಲ್ಲ. ಬೆಳಿಗ್ಗೆ ಹೊಳೆದಾಗ ನಾಲಿಗೆ ಏಳ್ಲಿಲ್ಲ."

"ಎಲ್ಲಿದೆ?"

"ವಾಚನಾಲಯದಲ್ಲಿ. ಆ ಲೇಖಕಿಯ ಪುಸ್ತಕಗಳ ಹಿಂದೆ."

ಮುಖವಾಡ ಬಂತು. ಒಂದು ಗೀರೂ ಇರಲಿಲ್ಲ. ಯುಧಾ ಠಾಣೆಯ ಮಾತೆತ್ತಲಿಲ್ಲ. ತನ್ನ ಲ್ಯಾಪ್‌ಟಾಪ್ ತೆರೆದು ಆ ದೃಶ್ಯ ಹಾಕಿ ವಿರ್ಯೊನ ಕಡೆ ತಿರುಗಿಸಿದ.

ರಾಣಿ ರಾಜನನ್ನು ದಿಟ್ಟಿಸಿದಳು. ಮೆಲ್ಲಗೆ ಎಡಗೈ ಮುಂದೆ ಬಂತು.

ವಿರ್ಯೊ ಬಾಯಿಗೆ ಕೈ ಮುಚ್ಚಿಕೊಂಡ. "ಹೀಗೇ," ಎಂದ. "ಓದುವಾಗ ನಂಗೆ ಕಂಡಿದ್ದೂ ಹೀಗೇ."

ಆಮೇಲೆ ಗಿಮುನ್‌ನ ಮುಂದೆ ಮಂಡಿಯೂರಿದ. ಗೌರವದಿಂದ ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಬಲಗೈಯಲ್ಲಿ ಮುಖವಾಡ ನೀಡಿದ. ಗಿಮುನ್ ತೆಗೆದುಕೊಳ್ಳಲು ತಡಮಾಡಿದ. ಆ ತಡ ಎಲ್ಲರಿಗೂ ಕಂಡಿತು. ಕೊನೆಗೆ ತೆಗೆದುಕೊಂಡ.

"ಇನ್ನೊಂದ್ಸಲ ನನ್ನ ಪರದೆ ಹಿಂದೆ ನಿಂತ್ರೆ ನೋಡು," ಎಂದ, "ಪುಸ್ತಕಾನೂ ಕೊನೇ ಪುಟದಿಂದ ಓದಿಸ್ತೀನಿ."

ನಗುವಿನ ನಡುವೆ ರತ್ಮಿಯ ದನಿ ಎದ್ದಿತು. "ಅದೆಲ್ಲಾ ಸರಿ ಯುಧಾ ಅವರೇ, ಆ ನಟಿ ಎಡಚಿಯೇನು?"

ಯುಧಾ ತಲೆ ಕೆರೆದುಕೊಂಡ. ಅವನಿಗೆ ಗೊತ್ತಿರಲಿಲ್ಲ.

ಊರು ಮತ್ತೆ ಎರಡಾಯಿತು. ಈಗ ವಿರ್ಯೊ ಸಿನಿಮಾದ ಪಕ್ಷ. ನಿರ್ದೇಶಕ ಆ ಸಾಲಿನ ಆಳ ಅರಿತೇ ಎಡಗೈ ಚಾಚಿಸಿದನೆಂದು ವಾದಿಸುತ್ತಾನೆ. ಇಲ್ಲ, ಆ ನಟಿಯ ಕೈ ಇದ್ದದ್ದೇ ಹಾಗೆ ಎನ್ನುವವರೂ ಇದ್ದಾರೆ. ಮುಖವಾಡ ಮಂಟಪದಲ್ಲಿ ತೂಗುತ್ತಿದೆ. ಅದರ ಕೆಳಗೆ ಕುಳಿತು ಸುಪಾರ್ತಿಯನ್ನು ಕೇಳಿದರೆ, ಅವಳು ಚಹಾ ಮುಂದೆ ಸರಿಸಿ ಹೇಳುವುದಿಷ್ಟೇ — "ಅದು ನಂಗೂ ಗೊತ್ತಿಲ್ಲ."