ಸತ್ತ ಪಾಚಿಗಳ ಪ್ರಕರಣ

ಸೋಮವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಇನ್ನೂ ಮೊದಲ ಲೋಟ ಟೀ ಮುಗಿಸಿರಲಿಲ್ಲ. ರಿಜಿಸ್ಟ್ರಾರ್ ಜೊತೆ ಐವತ್ತು ದಾಟಿದ ಒಬ್ಬ ಹೆಂಗಸು ಇದ್ದರು. ಸಸ್ಯಶಾಸ್ತ್ರದ ಪ್ರೊಫೆಸರ್. ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

“ಕೊಲೆ ಆಗಿದೆ ಅಂತ ಬರ್ಕೊಳ್ಳಿ,” ಎಂದರು.

ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿಕೊಂಡ. “ಯಾರದ್ದು ಮೇಡಂ?”

“ಪಾಚಿಗಳದ್ದು.”

ಹೆಡ್ ಕಾನ್‌ಸ್ಟೆಬಲ್ ಸಾಹೇಬರ ಮುಖ ನೋಡಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ಆ ಹೆಂಗಸಿನ ಕಣ್ಣು ಅತ್ತೂ ಅತ್ತೂ ಊದಿಕೊಂಡಿತ್ತು.

ರಿಜಿಸ್ಟ್ರಾರ್ ವಿಷಯ ಬಿಡಿಸಿ ಹೇಳಿದರು. ಪ್ರೊಫೆಸರ್ ತಮ್ಮ ವೃತ್ತಿಜೀವನವಿಡೀ ಕೆರೆ, ಕುಂಟೆ, ಬಾವಿಗಳ ನೀರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳನ್ನು ತಂದು, ಪುಟ್ಟ ಟ್ಯೂಬುಗಳಲ್ಲಿ ಹೆಪ್ಪುಗಟ್ಟಿಸಿ, ಡೀಪ್ ಫ್ರೀಜರಿನಲ್ಲಿ ಜೀವಂತ ಇಟ್ಟಿದ್ದರು. ಶುಕ್ರವಾರ ಸಂಜೆ ಬಾಗಿಲು ಹಾಕಿದ ಮೇಲೆ ಯಾರೋ ಫ್ರೀಜರಿನ ಸ್ವಿಚ್ ಆರಿಸಿದ್ದಾರೆ. ಎರಡು ದಿನ ರಜೆ. ಎಲ್ಲವೂ ಕರಗಿಹೋಗಿದೆ.

“ಮತ್ತೆ ತರೋಕಾಗಲ್ವಾ?” ಇನ್‌ಸ್ಪೆಕ್ಟರ್ ಕೇಳಿದರು.

“ಎಲ್ಲಿಂದ ತರ್ಲಿ? ಅರ್ಧಕ್ಕರ್ಧ ಕೆರೆಗಳೇ ಈಗಿಲ್ಲ. ಒಂದರ ಮೇಲೆ ಬಸ್ ಡಿಪೋ ಕೂತಿದೆ, ಒಂದರ ಮೇಲೆ ಅಪಾರ್ಟ್‌ಮೆಂಟು. ಆ ನೀರಿನ ಜೀವ ಉಳಿದಿದ್ದೇ ನಮ್ಮ ಫ್ರೀಜರಿನಲ್ಲಿ.”

ಆಸ್ತಿ ಹಾನಿ ಮತ್ತು ಅತಿಕ್ರಮ ಪ್ರವೇಶದ ಕಲಂಗಳಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಕೋಣೆ ಚಿಕ್ಕದು, ಒಂದೇ ಕಿಟಕಿ, ಅದಕ್ಕೆ ಕಬ್ಬಿಣದ ಸರಳು. ಫ್ರೀಜರಿನ ಕೆಳಗೆ ನೀರು ಹರಿದು ಒಣಗಿದ ಗುರುತಿತ್ತು. ಬೀಗ ಮುರಿದಿರಲಿಲ್ಲ. ಕರೆಂಟ್ ಹೋದರೆ ಕೂಗುವ ಅಲಾರಂನ ವೈರನ್ನು ಬಿಚ್ಚಿ, ಸುತ್ತಿ, ಫ್ರೀಜರಿನ ತಲೆಯ ಮೇಲೆ ಇಟ್ಟಿದ್ದರು.

“ಸಿಟ್ಟಿನಲ್ಲಿ ಬಂದವನಾದ್ರೆ ಕಿತ್ತೆಸೀತಿದ್ದ,” ಎಂದ ಹೆಡ್ ಕಾನ್‌ಸ್ಟೆಬಲ್. “ಇವ್ನು ಅಚ್ಚುಕಟ್ಟಾಗಿ ಸುತ್ತಿಟ್ಟವ್ನೆ.”

“ಕೀ ಎಷ್ಟಿವೆ ಮೇಡಂ?”

“ಮೂರು. ನನ್ನತ್ರ ಒಂದು, ಆಫೀಸಿನಲ್ಲಿ ಒಂದು, ಅಟೆಂಡರ್ ಹತ್ರ ಒಂದು.”

ಅಟೆಂಡರನ್ನು ಇಡೀ ವಿಭಾಗ ‘ಬೀಗಪ್ಪ’ ಎಂದೇ ಕರೆಯುತ್ತಿತ್ತು. ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಆಸಾಮಿ. ಶುಕ್ರವಾರ ಐದೂವರೆಗೆ ಬಾಗಿಲು ಹಾಕಿದವನು ಅವನೇ. ಪ್ರಶ್ನೆ ಶುರುವಾದ ಕೂಡಲೇ ಅವನ ನಾಲಗೆ ಒಣಗಿತು.

“ಕೀ ಯಾರಿಗಾದ್ರೂ ಕೊಟ್ಟಿದ್ಯಾ?”

“ಇಲ್ಲ ಸ್ವಾಮಿ.”

“ಮೇಡಂ ಮೇಲೆ ಸಿಟ್ಟಿತ್ತಾ?”

“ಹೋದ ತಿಂಗಳು ಒಂದ್ಸಲ ಬೈದಿದ್ರು. ಅದಕ್ಕೆ ಯಾರಾದ್ರೂ ಹಿಂಗ್ ಮಾಡ್ತಾರಾ?”

ಬೇರೆ ದಾರಿ ಕಾಣದೆ ಅವನನ್ನು ಠಾಣೆಗೆ ಕರೆತಂದರು. ವಿಶ್ವವಿದ್ಯಾಲಯ ಸಂಜೆಯೊಳಗೆ ಅವನನ್ನು ಅಮಾನತು ಮಾಡಿತು.

ಅಷ್ಟರಲ್ಲಿ ರಿಜಿಸ್ಟ್ರಾರ್ ಇನ್ನೊಂದು ಸುದ್ದಿ ಹೇಳಿದ್ದರು. ಪ್ರೊಫೆಸರ್ ಹೆಸರು ವಿಜ್ಞಾನಿಗಳ ಒಕ್ಕೂಟದ ದೊಡ್ಡ ಪ್ರಶಸ್ತಿಯ ಕೊನೆಯ ಸುತ್ತಿನಲ್ಲಿದೆ. ಹೋದ ಬುಧವಾರ ಆಯ್ಕೆ ಸಮಿತಿಯವರು ಬಂದು ಪಾಚಿ ಸಂಗ್ರಹ ನೋಡಿಕೊಂಡು ಹೋಗಿದ್ದಾರೆ. ಅದೇ ಸುತ್ತಿನಲ್ಲಿ ಉಳಿದಿರುವ ಇನ್ನೊಬ್ಬರು ಇಲ್ಲಿಯ ರಸಾಯನಶಾಸ್ತ್ರದ ಪ್ರೊಫೆಸರ್.

ಇನ್‌ಸ್ಪೆಕ್ಟರ್ ಮಂಗಳವಾರ ಬೆಳಿಗ್ಗೆಯೇ ಅವರನ್ನು ಹುಡುಕಿಕೊಂಡು ಹೋದರು. ಆಸಾಮಿ ಆಸ್ಪತ್ರೆಯಲ್ಲಿದ್ದರು. ಗುರುವಾರ ಮಂಡಿ ಆಪರೇಷನ್ ಆಗಿ, ಕಾಲು ಮೇಲೆ ಕಟ್ಟಿ ಮಲಗಿಸಿದ್ದರು.

“ಪ್ರಶಸ್ತಿ ಬಂದ್ರೂ ವೇದಿಕೆ ಹತ್ತೋಕಾಗಲ್ಲ ಇನ್ಸ್‌ಪೆಕ್ಟ್ರೇ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಆಯಮ್ಮನಿಗೆ ಹೀಗಾಗಬಾರದಿತ್ತು. ಫೋನ್ ಮಾಡೋಣ ಅಂದ್ರೆ ನಾನೇ ಮಾಡಿಸ್ದೆ ಅನ್ಕೋತಾರೇನೋ,” ಎಂದರು.

ಆ ಎಳೆ ಅಲ್ಲಿಗೇ ತುಂಡಾಯಿತು.

ಮಧ್ಯಾಹ್ನ ಠಾಣೆಗೆ ಮರಳಿದಾಗ ಬೆಂಚಿನ ಮೇಲೆ ಒಬ್ಬರು ಕಾಯುತ್ತಿದ್ದರು. ತೆಳ್ಳಗೆ, ಬಿಸಿಲಿಗೆ ಕಪ್ಪಾದ ಮುಖ, ಪ್ಯಾಂಟಿನ ತುದಿಯಲ್ಲಿ ಕೆಸರು ಒಣಗಿದ ಕಲೆ. ಅದೇ ವಿಭಾಗದ ರೀಡರ್, ಪ್ರೊಫೆಸರಿಗಿಂತ ಒಂದು ಮೆಟ್ಟಿಲು ಕೆಳಗಿನ ಅಧ್ಯಾಪಕರು. ಹುಡುಗರು ಅವರನ್ನು ‘ಪಾಚಿ ಮೇಷ್ಟ್ರು’ ಎನ್ನುತ್ತಾರೆಂದು ಹೆಡ್ ಕಾನ್‌ಸ್ಟೆಬಲ್ ಮೊದಲೇ ಕೇಳಿದ್ದ. ಪ್ರೊಫೆಸರೂ ಅವರೂ ಒಂದೇ ಗುರುವಿನ ಕೈಕೆಳಗೆ ಓದಿದವರು. ಪ್ರಶಸ್ತಿಗೆ ಪ್ರೊಫೆಸರ್ ಹೆಸರು ಸೂಚಿಸಿದವರೂ ಅವರೇ. ಹಾಗಾಗಿ ಅನುಮಾನಿತರ ಸಾಲಿಗೆ ಅವರನ್ನು ಯಾರೂ ಸೇರಿಸಿರಲಿಲ್ಲ.

“ಬೀಗಪ್ಪನ್ನ ಬಿಟ್ಬಿಡಿ ಸರ್. ಅವನು ಮಾಡಿಲ್ಲ.”

“ಹೇಗೆ ಹೇಳ್ತೀರಿ?”

“ಅವನು ಅಂಥವನಲ್ಲ.”

“ಹಾಗೆ ಎಲ್ಲರ ಬಗ್ಗೆನೂ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ ಮೇಷ್ಟ್ರೇ.”

ಮೇಷ್ಟ್ರು ಒಳಗೆ ಕೂತಿದ್ದ ಬೀಗಪ್ಪನನ್ನು ಬಾಗಿಲ ಸಂದಿಯಿಂದ ಒಮ್ಮೆ ನೋಡಿ, ತಲೆ ತಗ್ಗಿಸಿಕೊಂಡು ಹೊರಟುಹೋದರು.

ಕೇಸು ಕದಲಿದ್ದು ಬುಧವಾರ. ಪ್ರೊಫೆಸರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ, ಆ ಫ್ರೀಜರಿನಲ್ಲೇ ತನ್ನ ಟ್ಯೂಬುಗಳನ್ನೂ ಇಟ್ಟಿದ್ದ ಒಬ್ಬ ವಿದ್ಯಾರ್ಥಿನಿ ಏದುಸಿರು ಬಿಡುತ್ತಾ ಫೋನ್ ಮಾಡಿದಳು.

“ಸರ್, ನನ್ನ ಟ್ಯೂಬುಗಳು ಸಿಕ್ಕಿದ್ವು! ಪ್ರಾಣಿಶಾಸ್ತ್ರದವರ ಫ್ರೀಜರಿನಲ್ಲಿವೆ. ಎಲ್ಲಾ ಸರಿಯಾಗಿವೆ. ನನ್ನ ಜೊತೆಯವನದ್ದೂ ಇವೆ.”

ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಪಕ್ಕದ ಕಟ್ಟಡದ ಆ ಫ್ರೀಜರ್ ಎಲ್ಲರೂ ಬಳಸುವಂಥದ್ದು, ಯಾರು ಏನಿಟ್ಟರೂ ಕೇಳುವವರಿಲ್ಲ. ಕೆಳಗಿನ ಅರೆಯಲ್ಲಿ ಎರಡು ಡಬ್ಬಿ. ಆ ಇಬ್ಬರು ವಿದ್ಯಾರ್ಥಿಗಳ ಪ್ರಬಂಧಕ್ಕೆ ಬೇಕಾದ ಟ್ಯೂಬುಗಳು ಮಾತ್ರ ಅದರಲ್ಲಿದ್ದವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪ್ರತಿ ಟ್ಯೂಬಿನ ಮೇಲೂ ಬರೀ ಸಂಖ್ಯೆ, ಹೆಸರಿಲ್ಲ.

ಇನ್‌ಸ್ಪೆಕ್ಟರ್ ಟ್ಯೂಬುಗಳ ಫೋಟೋ ತೆಗೆದುಕೊಂಡು ನೇರ ಪ್ರೊಫೆಸರ್ ಕೋಣೆಗೆ ಹೋದರು.

“ಮೇಡಂ, ಇಡೀ ಸಂಗ್ರಹದಲ್ಲಿ ಹುಡುಗರ ಟ್ಯೂಬು ಯಾವುವು ಅಂತ ಹೀಗೆ ಬರೀ ನಂಬರ್ ನೋಡಿ ಹೇಳಬಲ್ಲಿರಾ?”

ಅವರು ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. “ಇಲ್ಲ. ಸಾವಿರಾರಿವೆ. ಯಾವ ಹುಡುಗನಿಗೆ ಯಾವ್ದು ಅನ್ನೋದೆಲ್ಲ ಅವನೇ ನೋಡ್ಕೋತಾನೆ.”

“ಅವನು ಅಂದ್ರೆ?”

“ನಮ್ಮ ರೀಡರ್ರು. ಅವನಿಗೆ ಬಾಯಿಪಾಠ.” ಹೇಳಿ ಮುಗಿಸಿದ ಮೇಲೆ ಅವರ ಮುಖದ ಬಣ್ಣ ನಿಧಾನಕ್ಕೆ ಇಳಿಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಲ್ಲ ಇನ್ಸ್‌ಪೆಕ್ಟರ್. ಅವನಲ್ಲ.”

“ಅವರ ಹತ್ರ ಕೀ ಇದೆಯಾ?”

“ಇದೆ. ಫ್ರೀಜರ್ ಬಂದ ದಿನದಿಂದ್ಲೂ ಇದೆ. ಅವತ್ತು ನೀವು ಕೇಳಿದಾಗ ನನಗೆ... ಲೆಕ್ಕಕ್ಕೇ ಬರ್ಲಿಲ್ಲ.”

ಗೇಟಿನ ಕಾವಲುಗಾರ ಉಳಿದದ್ದನ್ನು ತುಂಬಿದ. ಶುಕ್ರವಾರ ಕತ್ತಲಾಗುವ ಹೊತ್ತಿಗೆ ಪಾಚಿ ಮೇಷ್ಟ್ರು ಒಳಗೆ ಬಂದು ಹೋಗಿದ್ದರು. ಅವರು ಯಾವಾಗಲೂ ಬರುವವರೇ, ಹೇಳುವಂಥದ್ದೇನು ಅಂತ ಅವನು ಸುಮ್ಮನಿದ್ದ.

“ಆದ್ರೆ ಭಾನುವಾರ ಒಂಥರಾ ಇದ್ರು ಸ್ವಾಮಿ. ಗೇಟಿನ ತನಕ ಬಂದ್ರು, ನಿಂತ್ರು, ವಾಪಸ್ ಹೋದ್ರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದ್ರು. ಏನ್ ಮೇಷ್ಟ್ರೇ ಅಂದೆ. ‘ತಡ ಆಯ್ತು ಕಣಯ್ಯ’ ಅಂದ್ರು. ಹೊತ್ತು ಇನ್ನೂ ಮೂರು ಗಂಟೆ.”

ಸಂಜೆ ಆರಕ್ಕೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಮೇಷ್ಟ್ರ ಮನೆಯ ಬಾಗಿಲು ತಟ್ಟಿದರು. ತೆರೆದದ್ದು ಹೆಂಡತಿ. ಸಮವಸ್ತ್ರ ನೋಡಿ ಬೆಚ್ಚಲಿಲ್ಲ.

“ಬನ್ನಿ. ಮೂರು ದಿನದಿಂದ ಊಟ ಬಿಟ್ಟಿದ್ದಾರೆ. ಏನಾಗಿದೆ ಅಂದ್ರೆ ಹೇಳ್ತಿಲ್ಲ. ನೀವಾದ್ರೂ ಕೇಳಿ.”

ಮೇಷ್ಟ್ರು ಎದ್ದು ನಿಂತರು. ಜೇಬಿನಿಂದ ಕೀ ತೆಗೆದು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟರು.

“ನಾಳೆ ನಾನೇ ಬರೋನಿದ್ದೆ. ನಿನ್ನೆನೂ ಹೇಳೋಕೇ ಬಂದಿದ್ದೆ. ಬಾಯಿ ಬರ್ಲಿಲ್ಲ.”

“ಯಾಕೆ ಮಾಡಿದ್ರಿ?”

“ಕೂತ್ಕೊಂಡು ಹೇಳ್ಲಾ?”

ಕೂತರು. ಹೆಂಡತಿ ಗೋಡೆಗೆ ಒರಗಿ ನಿಂತರು.

“ಆ ಪ್ರಶಸ್ತಿಗೆ ತಮ್ಮ ಹೆಸರು ತಾವೇ ಕಳಿಸೋ ಹಾಗಿಲ್ಲ. ಇನ್ನೊಬ್ಬರು ಸೂಚಿಸಬೇಕು. ಒಬ್ಬರ ಹೆಸರೇ ಇರಬೇಕು, ಒಬ್ಬರ ಸಾಧನೆನೇ ಆಗಿರಬೇಕು. ನಾನು ಕೂತು ಬರೆದೆ. ಬರೀತಾ ಬರೀತಾ ಎಲ್ಲಾ ಕಡೆ ‘ನಾವು’ ಅಂತಲೇ ಬಂದಿತ್ತು. ಅಭ್ಯಾಸ. ಆಮೇಲೆ ಒಂದೊಂದಾಗಿ ‘ಅವರು’ ಅಂತ ತಿದ್ದಿದೆ. ಸಂತೋಷದಿಂದಲೇ ತಿದ್ದಿದೆ ಸರ್. ಅವಳಿಗೆ ಸಿಗಲಿ ಅಂತಲೇ ಇತ್ತು.”

“ಮತ್ತೆ?”

“ಸಮಿತಿಯವರು ಬಂದ್ರು. ಟ್ಯೂಬುಗಳನ್ನ ತೆಗೆದು ತೋರಿಸ್ತಾ ಇದ್ದವನು ನಾನು. ಒಬ್ಬರು ಕೇಳಿದ್ರು, ‘ಇಷ್ಟೆಲ್ಲಾ ಒಬ್ಬರೇ ಮಾಡಿದ್ರಾ ಮೇಡಂ?’ ಅಂತ. ಅವಳು ಹೌದು ಅಂದ್ಲು. ನನ್ನ ಕಡೆ ತೋರಿಸಿ ‘ಇವರು?’ ಅಂದ್ರು. ‘ನಮ್ಮ ಡಿಪಾರ್ಟ್‌ಮೆಂಟಿನವರು’ ಅಂದ್ಲು. ಅಷ್ಟೇ.”

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದ.

“ಕಾಗದದ ಮೇಲೆ ನಾನಿಲ್ಲದೆ ಇದ್ರೆ ಪರವಾಗಿಲ್ಲ, ಅದು ನಾನೇ ಮಾಡ್ಕೊಂಡಿದ್ದು. ಬಾಯಿಮಾತಿಗಾದ್ರೂ ಒಂದ್ಸಲ ಹೇಳ್ತಾಳೆ ಅನ್ಕೊಂಡಿದ್ದೆ. ಆ ಕೆರೆಗಳಲ್ಲಿ ಸೊಂಟದ ತನಕ ಇಳಿದೋನು ನಾನು. ಅವಳು ದಡದಲ್ಲಿ ನಿಂತು ಬಾಟ್ಲಿ ಹಿಡ್ಕೊಳ್ತಿದ್ಲು. ಎರಡು ದಿನ ನಿದ್ದೆ ಬರ್ಲಿಲ್ಲ. ಶುಕ್ರವಾರ ಹೋಗಿ ಹುಡುಗರದ್ದನ್ನ ಎತ್ತಿಟ್ಟೆ, ಅವರ ಬದುಕು ಹಾಳಾಗಬಾರದು. ಉಳಿದದ್ದು... ಯೋಚನೆ ಮಾಡೇ ಆರಿಸಿದೆ. ಸುಳ್ಳು ಹೇಳಲ್ಲ.”

“ಭಾನುವಾರ ಯಾಕೆ ಬಂದ್ರಿ?”

“ಸ್ವಿಚ್ ಮತ್ತೆ ಹಾಕೋಣ ಅಂತ. ಆದ್ರೆ ಕರಗಿದ ಮೇಲೆ ಅವು ಬದುಕಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ರೀ, ನನ್ನತ್ರ ಒಂದು ಮಾತು ಅನ್ಬಾರ್ದಿತ್ತಾ?” ಎಂದು ಕೇಳಿದರು. ಅವರು ಹೆಂಡತಿಯ ಮುಖ ನೋಡಲಿಲ್ಲ.

ಆರು ಐವತ್ತಕ್ಕೆ ಬಂಧನ. ಹೆಂಡತಿಗೆ ವಿಷಯ ತಿಳಿಸಿದ್ದಕ್ಕೆ ಸಹಿ ಪಡೆದರು. ಕೀಲಿಕೈ ಜಪ್ತಾಯಿತು. ಬೀಗಪ್ಪನನ್ನು ಬಿಟ್ಟು ಕಳಿಸುವಾಗ ಇನ್‌ಸ್ಪೆಕ್ಟರ್ ತಾವೇ ಬಾಗಿಲ ತನಕ ಬಂದು, “ತಪ್ಪಾಯ್ತಪ್ಪಾ,” ಎಂದರು. ಅವನು ತಲೆಯಾಡಿಸಿದ. ಆದರೆ ಲಾಕಪ್ಪಿನೊಳಗೆ ಕೂತವರನ್ನು ನೋಡಿದ ಮೇಲೆ ಅವನಿಗೆ ಮನೆಗೆ ಹೋಗುವ ಅವಸರವೇ ಉಳಿಯಲಿಲ್ಲ.

ಗುರುವಾರ ಕೋರ್ಟಿಗೆ ಹಾಜರುಪಡಿಸುವ ಮೊದಲು ಪ್ರೊಫೆಸರ್ ಬಂದರು. ಐದು ನಿಮಿಷ ಮಾತಾಡಲು ಅನುಮತಿ ಕೇಳಿದರು. ಇನ್‌ಸ್ಪೆಕ್ಟರ್ ಇಬ್ಬರನ್ನೂ ತಮ್ಮ ಕೋಣೆಯಲ್ಲಿ ಕೂರಿಸಿ ಬಾಗಿಲ ಬಳಿ ನಿಂತರು.

“ಒಬ್ಬಳೇ ಅಂತ ಬರೆದಿದ್ದು ನೀನು,” ಎಂದರು ಪ್ರೊಫೆಸರ್. “ಅವರ ಮುಂದೆ ನಾನು ಇಲ್ಲ ಅಂದಿದ್ರೆ ನಿನ್ನ ಮಾತೇ ಸುಳ್ಳಾಗ್ತಿತ್ತಲ್ಲೋ. ನೀನು ಕಷ್ಟಪಟ್ಟು ಬರೆದಿದ್ದನ್ನ ನಾನು ಹೇಗೆ ಸುಳ್ಳು ಮಾಡ್ಲಿ? ಪ್ರಶಸ್ತಿ ಸಿಕ್ಕ ದಿನ ವೇದಿಕೆ ಮೇಲೆ ಹೇಳೋಣ ಅಂತಿದ್ದೆ. ನೀನು ಕೇಳಿದ್ರೆ ಅವತ್ತೇ ಹೇಳ್ತಿದ್ದೆ.”

“ಕೇಳಿ ಹೇಳಿಸ್ಕೊಳ್ಳೋ ಮಾತೇನೇ ಅದು?”

ಪ್ರೊಫೆಸರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, “ಹುಡುಗರದ್ದು ಬಿಟ್ರೆ ಒಂದೂ ಉಳಿದಿಲ್ಲ ಕಣೋ. ಮತ್ತೆ ಬೆಳೆಸಿ ನೋಡಿದೆ. ಒಂದೂ ಎದ್ದಿಲ್ಲ,” ಎಂದರು.

ಮೇಷ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಠಾಣೆಗೆ ಬಂದ ಮೇಲೆ ಅವರು ಮೊದಲ ಸಲ ಅತ್ತದ್ದು ಆಗ.

ಪ್ರೊಫೆಸರ್ ತಮ್ಮ ಹೆಸರನ್ನು ಪ್ರಶಸ್ತಿಯಿಂದ ಹಿಂತೆಗೆದುಕೊಂಡರು. ದೂರು ಕೈಬಿಡಿ ಎಂದೂ ಕೇಳಿಕೊಂಡರು. ದೂರು ವಿಶ್ವವಿದ್ಯಾಲಯದ್ದು, ಅವರ ಕೈಯಲ್ಲಿರಲಿಲ್ಲ.

ಆರೋಪ ಪಟ್ಟಿ ಸಿದ್ಧಪಡಿಸುವಾಗ ಹೆಡ್ ಕಾನ್‌ಸ್ಟೆಬಲ್ ಕೇಳಿದ, “ಕಾರಣ ಹೊಟ್ಟೆಕಿಚ್ಚು ಅಂತ ಹಾಕ್ಲಾ ಸರ್?”

ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡುತ್ತಿದ್ದರು. ಹೊಟ್ಟೆಕಿಚ್ಚಾಗಿದ್ದರೆ ಮೇಷ್ಟ್ರು ಆಕೆಯ ಹೆಸರನ್ನೇ ಸೂಚಿಸುತ್ತಿರಲಿಲ್ಲ. ಆ ಪ್ರಶಸ್ತಿ ಆಕೆಗೆ ಸಿಗಬೇಕೆಂದು ಅತಿ ಹೆಚ್ಚು ಆಸೆಪಟ್ಟವರೂ ಅವರೇ. ತನಗೂ ಒಂದು ಪಾಲು ಬೇಕು ಅನ್ನುವುದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಬಹುಶಃ ಸಮಿತಿಯವರು ಬಂದ ಆ ಬುಧವಾರದ ತನಕ ಅದು ಅವರಿಗೇ ತಿಳಿದಿರಲಿಲ್ಲ.

“ಅವರು ಹೇಳಿದ್ದನ್ನ ಹೇಳಿದ ಹಾಗೇ ಬರಿ,” ಎಂದರು. “ನಾವು ಹೆಸರಿಡೋದು ಬೇಡ.”