ಮಹಾಬಿರುಸು ಹಾರುವ ತನಕ

ಬಲು ಹಿಂದಿನ ಮಾತು. ಸೊಡರಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ದೀಪಾವಳಿ ಬಂತೆಂದರೆ ಊರಿಗೆಲ್ಲ ಸಂಭ್ರಮ, ಪುಟ್ಟ ಮಕ್ಕಳನ್ನು ಹೆತ್ತವರಿಗೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ. ಯಾಕೆ ಅಂತೀರಾ? ಊರಾಚೆಯ ಕರಿಗುಡ್ಡದ ಗವಿಯಲ್ಲಿ ಜೋಂಪಯ್ಯ ಅನ್ನೋ ಮಾಂತ್ರಿಕನಿದ್ದ. ಯಾರ ಶಾಪವೋ ಏನೋ, ಅವನಿಗೆ ಸ್ವಂತ ನಿದ್ದೆ ಇರಲಿಲ್ಲ. ಮಕ್ಕಳ ನಿದ್ದೆ ಕದ್ದು, ಅದನ್ನೇ ಹೊದ್ದು ಮಲಗುತ್ತಿದ್ದ.

ಪಾಡ್ಯದ ಸಂಜೆ ಅರಮನೆಯ ಬಯಲಿನಲ್ಲಿ ಪಟಾಕಿ ಬಾಣಗಳೆಲ್ಲ ಮುಗಿದ ಮೇಲೆ ಎಲ್ಲಕ್ಕಿಂತ ದೊಡ್ಡದಾದ ಮಹಾಬಿರುಸು ಹಾರುತ್ತಿತ್ತು. ಹೊತ್ತು ಮುಳುಗಿದ ಮೇಲೆ, ಅದರ ಬೆಳಕು ಮುಖಕ್ಕೆ ಬೀಳುವ ಮೊದಲೇ ಯಾವ ಮಗು ನಿದ್ದೆ ಹೋಯಿತೋ ಅದು ಜೋಂಪಯ್ಯನ ಪಾಲು. ಮನೆಯಲ್ಲಿ ಬಚ್ಚಿಟ್ಟರೂ ಅಷ್ಟೆ, ಬೀಗ ಹಾಕಿದರೂ ಅಷ್ಟೆ. ನಿದ್ದೆ ಹತ್ತಿದ ಕೂಡಲೇ ಮಡಿಲಿನಿಂದ ಮಾಯವಾಗಿ ಗವಿಯಲ್ಲಿ ಬಿದ್ದಿರುತ್ತಿತ್ತು. ವರ್ಷಕ್ಕೆ ಮೂರೋ ನಾಲ್ಕೋ ಮಕ್ಕಳು ಹೀಗೆ ಹೋಗುತ್ತಿದ್ದವು. ಉಳಿದವರು ‘ಅಯ್ಯೋ ಪಾಪ’ ಅಂದು ಹೋಳಿಗೆ ತಿನ್ನುತ್ತಿದ್ದರು. ಪಕ್ಕದ ಮನೆಗೆ ಬೆಂಕಿ ಬಿದ್ದರೆ ಚಳಿ ಕಾಯಿಸಿಕೊಳ್ಳುವ ಜನ, ಬಿಡಿ.

ಆ ಊರಿನಲ್ಲಿ ದೇವೀರಿ ಅನ್ನೋ ಹುಡುಗಿ ಅಕ್ಕನ ಮನೆಯಲ್ಲಿದ್ದಳು. ಹೋದ ವರ್ಷ ಅಕ್ಕನ ಹಿರಿಮಗ, ಐದು ವರ್ಷದ ಬಸವಂತ, ಇದೇ ದೇವೀರಿಯ ಹೆಗಲ ಮೇಲೆ ನಿದ್ದೆ ಹೋಗಿದ್ದ. ಮಹಾಬಿರುಸಿಗೆ ಇನ್ನು ಎರಡೇ ಬಾಣ ಬಾಕಿ ಇತ್ತು. ಹೆಗಲು ಹಗುರಾಯಿತು, ಮಗು ಇಲ್ಲ. ಅಂದಿನಿಂದ ಅಕ್ಕ ಹಾಸಿಗೆ ಹಿಡಿದಿದ್ದಳು. ತಂಗಿಯನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅಂತ ದೇವೀರಿಗೆ ಅನ್ನಿಸುತ್ತಿತ್ತು.

ಈ ವರ್ಷ ಭಾವ ಗಡಿ ಕಾಯಲು ಹೋಗಿದ್ದ. ಮನೆಯಲ್ಲಿ ನಾಲ್ಕು ವರ್ಷದ ಪದುಮಿ, ಮೂರು ವರ್ಷದ ಚೆಲುವ. ಅಕ್ಕ ಇಬ್ಬರ ಕೈಯನ್ನೂ ತಂಗಿಯ ಕೈಯಲ್ಲಿಟ್ಟಳು.

“ನಿನ್ನ ಕೈಗೇ ಕೊಡ್ತಿದೀನಿ ದೇವಿ. ತಿರುಗಿ ನನ್ನ ಕೈಗೆ ಕೊಡು.”

ದೇವೀರಿ ಎರಡೂ ಪುಟ್ಟ ಕೈಗಳನ್ನು ಬಿಗಿಯಾಗಿ ಹಿಡಿದಳು. ಮಧ್ಯಾಹ್ನವೇ ಒಂದು ನಿದ್ದೆ ಮಾಡಿಸಿಬಿಡೋಣ ಅಂತ ಅವಳು ಎಷ್ಟು ತಟ್ಟಿದ್ದಳು! ಮಲಗು ಅಂದಾಗ ಮಲಗಿದರೆ ಅವು ಮಕ್ಕಳೇ? ಮಂಚದ ಮೇಲೆ ಕುಣಿದು ಕುಣಿದು, ಸರಿಯಾಗಿ ಹೊತ್ತು ಮುಳುಗುವ ಹೊತ್ತಿಗೆ ಕಣ್ಣುಜ್ಜಿಕೊಳ್ಳಲು ಶುರುಮಾಡಿದವು. ಅವಳು ಇಬ್ಬರನ್ನೂ ಎಳೆದುಕೊಂಡು ಅರಮನೆಯ ಬಯಲಿಗೆ ಹೊರಟಳು.

ಅರ್ಧ ದಾರಿಗೆ ಮಕ್ಕಳಿಗೆ ಕಾಲುನೋವು, ಎತ್ತಿಕೋ ಅಂತ ರಾಗ. ಆಗ ಒಂದು ಬಿಳಿ ಎತ್ತು ಗಾಡಿ ಎಳೆದುಕೊಂಡು ಬಂತು. ಹತ್ತಿ ತಾಯಿ, ಬಯಲಿಗೆ ಬಿಡ್ತೀನಿ ಅಂತ ಎತ್ತೇ ಮಾತಾಡಿತು. ದೇವೀರಿ ಹತ್ತಿದಳು. ಗಾಡಿ ತೊಟ್ಟಿಲಿನ ಹಾಗೆ ತೂಗಿತು, ಕೊರಳಗಂಟೆ ಜೋ ಜೋ ಅಂದಿತು. ಚೆಲುವನ ತಲೆ ವಾಲಿದ್ದೇ ತಡ, ಇದು ಜೋಂಪಯ್ಯನ ಎತ್ತು ಅಂತ ಅವಳಿಗೆ ಹೊಳೆಯಿತು. ಇಬ್ಬರನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಓಡುವ ಗಾಡಿಯಿಂದ ಜಿಗಿದಳು. ಮೂವರ ಮೊಣಕಾಲೂ ತರಚಿತು.

ಇನ್ನಷ್ಟು ದೂರ ಹೋದರೆ ಹಸಿವು ಅಂತ ರಗಳೆ. ದಾರಿ ಪಕ್ಕದಲ್ಲಿ ಒಂದು ಕರಡಿ ಕೊಪ್ಪರಿಗೆ ತುಂಬ ಗಸಗಸೆ ಪಾಯಸ ಕಾಯಿಸುತ್ತಿತ್ತು. ಮಕ್ಕಳಿಗೆ ತಾನೇ, ಒಂದೊಂದು ಬಟ್ಟಲು ಕುಡಿಯಲಿ ಅಂತ ಕರೆಯಿತು. ಗಸಗಸೆ ಪಾಯಸ ಕುಡಿದವರು ಮದುವೆ ಮನೆಯಲ್ಲಿ ಕಂಬಕ್ಕೊರಗಿ ಗೊರಕೆ ಹೊಡೆಯುವುದನ್ನು ಯಾರು ನೋಡಿಲ್ಲ? ದೇವೀರಿ ಬಟ್ಟಲು ಒದ್ದು, ಸೆರಗಿನಲ್ಲಿದ್ದ ಹುಣಸೆಹಣ್ಣನ್ನು ಮಕ್ಕಳ ಬಾಯಿಗಿಟ್ಟಳು. ಮುಖ ಕಿವುಚಿಕೊಂಡು ಎರಡೂ ಭೋರೆಂದು ಅತ್ತವು. ಅಳಲಿ, ಎಚ್ಚರ ಇದ್ದರೆ ಸಾಕು ಅಂದುಕೊಂಡು ನಡೆದಳು.

ಬಯಲು ಮುಟ್ಟಿದಾಗ ಜೋಂಪಯ್ಯನ ಮೂರನೆಯ ಬಲೆ ಕಾದಿತ್ತು. ಆಳೆತ್ತರದ ನವಿಲೊಂದು ಹಿಂದೆ ನಿಂತು, ಬೆವೆತ ಮಕ್ಕಳಿಗೆ ತಣ್ಣಗೆ ಗರಿಬೀಸಿತು. ದೇವೀರಿ ಅದರ ಗರಿಯೊಂದನ್ನು ಕಿತ್ತು ಮಕ್ಕಳ ಅಂಗಾಲಿಗೆ ಕಚಗುಳಿ ಇಟ್ಟಳು. ಮಕ್ಕಳು ನಕ್ಕವು, ನವಿಲು ಕಿರುಚಿಕೊಂಡು ಹಾರಿತು.

ಎತ್ತು, ಕರಡಿ, ನವಿಲು ಏನು ಮಹಾ! ನಿಜವಾದ ಕಷ್ಟ ಇನ್ನು ಮುಂದೆ. ಆ ರಾಜ್ಯದ ಪದ್ಧತಿ ಕೇಳಿ. ಮೊದಲು ಮಂತ್ರಿಯ ಭಾಷಣ, ಮಂತ್ರಿಯ ಬಾಣ. ಆಮೇಲೆ ಸೇನಾಪತಿಯ ಭಾಷಣ, ಸೇನಾಪತಿಯ ಬಾಣ. ಆಮೇಲೆ ಏಳು ಜನ ಪಾಳೇಗಾರರು, ಒಬ್ಬೊಬ್ಬರಿಗೂ ಹಾರ, ಒಬ್ಬೊಬ್ಬರದೂ ಮಾತು. ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ದೊರೆಯ ಮಹಾಬಿರುಸು. ಮಂತ್ರಿ ಇನ್ನೂ ದೊರೆಯ ಮುತ್ತಜ್ಜನ ಗುಣಗಾನದಲ್ಲೇ ಇದ್ದ. ದೇವೀರಿ ಮಕ್ಕಳನ್ನು ಚಿವುಟಿದಳು, ಕುಣಿಸಿದಳು, ಕೆನ್ನೆಗೆ ನೀರು ಹಚ್ಚಿದಳು. ಸುತ್ತ ನೂರಾರು ತಾಯಂದಿರು ಅದನ್ನೇ ಮಾಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪದುಮಿಯ ಒಂದು ಕಣ್ಣು ಮುಚ್ಚಿತು. ಎತ್ತಿಕೊಂಡಿದ್ದ ಚೆಲುವನ ತಲೆ ದೇವೀರಿಯ ಹೆಗಲಿಗೆ ಬಿತ್ತು, ಹೋದ ವರ್ಷ ಬಸವಂತನ ತಲೆ ಬಿದ್ದ ಜಾಗಕ್ಕೇ.

ದೇವೀರಿ ಇನ್ನು ಕಾಯಲಿಲ್ಲ. ಎರಡೂ ಮಕ್ಕಳನ್ನು ಹೊತ್ತು, ಜನರನ್ನು ನೂಕಿಕೊಂಡು, ನೇರ ದೊರೆಯ ಎದುರು ಹೋಗಿ ನಿಂತಳು.

“ಮಹಾಸ್ವಾಮಿ, ಮಹಾಬಿರುಸು ಮೊದಲು ಹಚ್ಚಿಸಿ.”

ಮಾತು ತುಂಡಾಗಿದ್ದಕ್ಕೆ ಮಂತ್ರಿ ಕೆಂಡವಾದ. ಮಹಾಬಿರುಸು ಕೊನೆಗೇ, ಇದು ತಾತ ಮುತ್ತಾತಂದಿರ ಪದ್ಧತಿ ಅಂತ ಗದರಿದ. ದೊರೆ ಉದ್ದಂಡರಾಯ ಕೆಟ್ಟವನೇನಲ್ಲ, ಹೇಳಿದ ಕಡೆ ಕೂರುವವನು, ಅಷ್ಟೆ. ಕೊನೆಗೇ ಯಾಕೆ ಅಂತ ಅವನು ಮಂತ್ರಿಯನ್ನು ಕೇಳಿದ. ನೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮಂತ್ರಿ ತಡವರಿಸಿ ನಿಜ ಹೇಳಿಬಿಟ್ಟ. “ಅದು ಮೊದಲೇ ಹಾರಿಬಿಟ್ಟರೆ ಜನ ಎದ್ದು ಹೋಗ್ತಾರೆ ಪ್ರಭು. ನಮ್ಮ ಮಾತು ಕೇಳೋರು ಯಾರು?”

“ನಾವು ಎದ್ದು ಹೋಗಲ್ಲ ಸ್ವಾಮಿ,” ಅಂದಳು ದೇವೀರಿ. “ಮಕ್ಕಳು ಮಡಿಲಲ್ಲಿ ಮಲಗಲಿ. ನೀವು ಬೆಳಗಾಗೋ ತನಕ ಮಾತಾಡಿ, ಕೂತು ಕೇಳ್ತೀವಿ.”

ದೊರೆ ಚೆಲುವನ ಮುಖ ನೋಡಿದ. ಬೇಡ ಅನ್ನಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ. ಕಾವಲಿನವನ ಕೈಯಿಂದ ಪಂಜು ಕಿತ್ತುಕೊಂಡು ಮಹಾಬಿರುಸಿನ ಬತ್ತಿಗೆ ಹಿಡಿದಳು.

ಬಿರುಸು ಮೇಲೇರಿ ಒಡೆಯಿತು. ಊರು, ಕೆರೆ, ಗುಡ್ಡ ಎಲ್ಲ ಹಗಲಾಯಿತು. ಪದುಮಿ ಕಿವಿ ಮುಚ್ಚಿಕೊಂಡು ಬಾಯಿ ತೆರೆದಳು. ಚೆಲುವ ಬೆಚ್ಚಿಬಿದ್ದು ಅರೆಮುಚ್ಚಿದ ಕಣ್ಣು ಬಿಟ್ಟ.

ಅತ್ತ ಗವಿಯಲ್ಲಿ ಜೋಂಪಯ್ಯ ಕಾಲು ಚಾಚಿ ಕೂತಿದ್ದ. ಪ್ರತಿ ವರ್ಷ ಏಳನೆಯ ಪಾಳೇಗಾರನ ಮಾತು ಮುಗಿದಾಗ ಗವಿಯ ಬಾಯಿಗೆ ಬಂಡೆ ಉರುಳಿಸಿ, ಬೆಳಕು ಒಳಗೆ ಬರದಂತೆ ಮಾಡುತ್ತಿದ್ದ. ಇನ್ನೂ ಮಂತ್ರಿಯದೇ ಮುಗಿದಿಲ್ಲ, ಅವಸರವೇನು ಅಂತ ಅವನ ಲೆಕ್ಕ. ಬಾಗಿಲು ಹಾರುಹೊಡೆದಿತ್ತು. ಬೆಳಕು ಒಳನುಗ್ಗಿ ಮಲಗಿದ್ದ ಮಕ್ಕಳ ಮುಖಕ್ಕೆಲ್ಲ ಬಿತ್ತು. ಮಕ್ಕಳು ಎದ್ದರು, ಕದ್ದ ನಿದ್ದೆಯೆಲ್ಲ ಅವನ ಮೈಮೇಲಿಂದ ಜಾರಿತು. ಜೋಂಪಯ್ಯ ಆಕಳಿಸಿದ. ಬಾಯಿ ತೆರೆದದ್ದು ಮುಚ್ಚಲೇ ಇಲ್ಲ, ಅಗಲವಾಗುತ್ತಲೇ ಹೋಯಿತು. ಕೊನೆಗೆ ಅವನೇ ಅದರೊಳಗೆ ಬಿದ್ದು ಇಲ್ಲವಾದ.

ಗುಡ್ಡದಿಂದ ಮಕ್ಕಳ ಸಾಲು ಇಳಿದು ಬಂತು. ಹತ್ತು ವರ್ಷದ ಹಿಂದೆ ಹೋದವರೂ ಹೋದಷ್ಟೇ ಎತ್ತರ ಇದ್ದರು. ತಾಯಂದಿರು ಬಿದ್ದೆದ್ದು ಓಡಿದರು. ದೇವೀರಿ ಮಾತ್ರ ಎರಡು ಮಕ್ಕಳನ್ನು ಅವುಚಿಕೊಂಡು ನಿಂತಲ್ಲೇ ನಿಂತಿದ್ದಳು. ಬಸವಂತನೇ ಹುಡುಕಿಕೊಂಡು ಬಂದು ಅವಳ ಸೆರಗು ಎಳೆದ.

“ಚಿಕ್ಕಿ, ಬಿರುಸು ಶುರುವಾಯ್ತಾ?”

ದೇವೀರಿ ಕುಸಿದು ಕೂತು, ಅವನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಆಮೇಲೆ ಮೂವರನ್ನೂ ನಡೆಸಿಕೊಂಡು ಮನೆಗೆ ಹೋಗಿ, ಅಕ್ಕನ ಕೈಯಲ್ಲಿ ಮೂರು ಕೈಗಳನ್ನಿಟ್ಟಳು. ಅಕ್ಕ ಹಾಸಿಗೆಯಿಂದ ಎದ್ದು ಒಲೆ ಹಚ್ಚಿದಳು.

ಸೊಡರಪುರದಲ್ಲಿ ಅಂದಿನಿಂದ ಮಹಾಬಿರುಸು ಮೊದಲು, ಭಾಷಣ ಆಮೇಲೆ. ಮಕ್ಕಳು ಮಡಿಲಲ್ಲಿ ಸುಖವಾಗಿ ನಿದ್ದೆ ಮಾಡುತ್ತಾರೆ, ಕೊಟ್ಟ ಮಾತಿಗೆ ತಪ್ಪದೆ ತಾಯಂದಿರು ಕೂತು ಕೇಳುತ್ತಾರೆ. ಮಂತ್ರಿ ಮಾತ್ರ ಈಗ ಮೆಲ್ಲಗೆ ಮಾತಾಡುತ್ತಾನೆ, ಮಕ್ಕಳು ಎದ್ದಾವು ಅಂತ.