ನಲ್ಲಿಯ ಸಾಲಿನಲ್ಲಿ ಜಾಗದ ಕಳವು

ನೈರೋಬಿಯ ಕಿಸಿಮಾನಿ ಕೇರಿಯಲ್ಲಿ ಕ್ಯಾನು ನೀರಿಗೆ ಐದು ಶಿಲ್ಲಿಂಗ್, ನಲ್ಲಿ ಬಾರದ ದಿನ ಇಪ್ಪತ್ತು. ಮೆಕ್ಕೆಜೋಳ, ಬೀನ್ಸ್ ಕಾಳಿನ ಊಟ ತಟ್ಟೆಗೆ ಅರವತ್ತು. ಸಾಲಿನಲ್ಲಿ ಜಾಗ ಮಾತ್ರ ಪುಕ್ಕಟೆ: ಹಿಂದಿನ ಸಂಜೆಯೇ ಖಾಲಿ ಕ್ಯಾನು ಇಟ್ಟು ಹೋದರೆ ಯಜಮಾನರ ಬದಲು ಅದೇ ನಿಂತಿರುತ್ತದೆ.

ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ೮.೧೦. ಊಟದಂಗಡಿಯ ಸ್ಯೊಂಬುವಾ ಠಾಣೆಗೆ ಬಂದಳು.

"ಸಾಲಲ್ಲಿ ನನ್ ಜಾಗ ಕದ್ದಿದಾರೆ ಸಾರ್. ಮೂರನೇದು ಇತ್ತು. ದಿನಾ ಬೆಳಿಗ್ಗೆ ನೋಡಿದ್ರೆ ಕಟ್ಟಕಡೇದು."

"ಕ್ಯಾನು?"

"ಕ್ಯಾನು ಇದೆ."

ಇನ್ಸ್‌ಪೆಕ್ಟರ್ ಬರಾಸ ಪೆನ್ನು ಕೆಳಗಿಟ್ಟ. ಕಣ್ಣೆದುರೇ ಇರುವ ವಸ್ತು ಕಳುವಾಯಿತೆಂದು ಯಾವ ಕಲಮಿನಲ್ಲಿ ಎಫ್‌ಐಆರ್ ಬರೆಯುವುದು?

ಅವಳು ದನಿ ಏರಿಸದೆ ವಿವರಿಸಿದಳು. ಕ್ಯಾನನ್ನು ತಾನೇ ಮುಂದಕ್ಕೆ ಸರಿಸಿದರೆ ಸಾಲಿನವರು ತನ್ನನ್ನೇ ಕಳ್ಳಿ ಅನ್ನುತ್ತಾರೆ. ನೀರು ಸಿಗುವುದು ತಡವಾಗಿ, ಮಧ್ಯಾಹ್ನಕ್ಕೆ ಕಾಳು ಬೇಯುವುದಿಲ್ಲ. ತನ್ನಲ್ಲಿ ಉಣ್ಣುತ್ತಿದ್ದ ಕಟ್ಟಡ ಕೆಲಸದ ಇಪ್ಪತ್ಮೂರು ಜನ ಆಗಲೇ ಎದುರಿನ ಚೆಬೆಟ್‌ಳ ಊಟದಂಗಡಿ ಸೇರಿದ್ದಾರೆ. ಇನ್ನೊಂದು ವಾರ ಹೀಗಾದರೆ ಬಾಗಿಲು ಹಾಕಬೇಕು.

ಗುರುವಾರ ಬೆಳಿಗ್ಗೆ ೫.೪೫ಕ್ಕೆ ಸ್ಥಳ ಪಂಚನಾಮೆ. ಕಾನ್‌ಸ್ಟೇಬಲ್ ಲೆಕಿಶೋನ್ ನಲವತ್ತೊಂದು ಕ್ಯಾನುಗಳನ್ನು ಬಣ್ಣ, ಬಿರುಕು ಸಮೇತ ಬರೆದುಕೊಂಡ. ಕಡೆಯದು ಸ್ಯೊಂಬುವಾಳದು. ಚೆಬೆಟ್‌ಳನ್ನು ವಿಚಾರಿಸಲಾಯಿತು.

"ನಾನೇ ಸರಿಸೋದಾದ್ರೆ ನಂದ್ಯಾಕೆ ಹತ್ತೊಂಬತ್ತರಲ್ಲಿ ಇರ್ತಿತ್ತು?" ಎಂದಳು. ಎಣಿಸಿದರು. ಹತ್ತೊಂಬತ್ತೇ.

ಬರೆದು ದಣಿದ ಲೆಕಿಶೋನ್ ಗೋಣಿಚೀಲ ಹಾಸಿದ್ದ ಕಲ್ಲೊಂದರ ಮೇಲೆ ಕೂರಲು ಹೋದ. ನಲ್ಲಿ ಕಾಯುವ ಮುದುಕ ಒಗೋಲ ತಡೆದ.

"ಅಲ್ಲಿ ಬೇಡಪ್ಪ. ಸ್ಯೊಂಬುವಾ ಕೂರೋ ಜಾಗ."

ಬರಾಸ ಚೀಲ ನೋಡಿದ. ಒಗೆದು ನೀಟಾಗಿ ಮಡಿಸಲಾಗಿತ್ತು. ಪಕ್ಕದಲ್ಲೇ ಒಗೋಲನ ಕಲ್ಲು, ಬರಿಗಲ್ಲು.

"ಕ್ಯಾನು ಮೂರನೇದಾದ್ರೆ ಅವ್ರು ಎಷ್ಟ್ ಹೊತ್ತು ಕೂರ್ತಾರೆ, ಅಜ್ಜ?"

"ಕೂರೋದೇ ಇಲ್ಲ. ತುಂಬ್ಕೊಂಡು ಹೊರಟ್ಬಿಡ್ತಾರೆ."

"ಕಡೇದಾದ್ರೆ?"

ಮುದುಕ ನೆಲ ನೋಡಿದ. "ಎರಡು ಗಂಟೆ."

೬.೨೦ಕ್ಕೆ ಒಗೋಲನ ಬಂಧನ. ಹೇಳಿಕೆ ಚಿಕ್ಕದು: ಕ್ಯಾನು ಕಡೆಗೆ ಸರಿಸುತ್ತಿದ್ದುದು ತಾನೇ. ಹೆಂಡತಿ ತೀರಿ ನಾಲ್ಕು ವರ್ಷ. ನಲ್ಲಿಗೆ ಬಂದವರೆಲ್ಲ ತನ್ನನ್ನು ಬೈಯುತ್ತಾರೆ. ಊಟ ಆಯಿತೇ ಎಂದು ಕೇಳುವವಳು ಅವಳೊಬ್ಬಳೇ. ಎಲ್ಲರನ್ನೂ ಹಾಗೆ ಕೇಳುವುದು ಅವಳ ವ್ಯಾಪಾರವೆಂದು ತನಗೆ ಗೊತ್ತು. ಆದರೂ.

ಠಾಣೆಯಲ್ಲಿ ಸ್ಯೊಂಬುವಾ ಅವನನ್ನೇ ದಿಟ್ಟಿಸಿದಳು. "ಅಂಗಡಿಗೇ ಬರಬಹುದಿತ್ತಲ್ಲ? ಅಲ್ಲೂ ಬೆಂಚಿದೆ."

"ಅಲ್ಲಿ ನಿಂಗೆ ಪುರುಸೊತ್ತಿರಲ್ಲ."

ಅವಳು ದೂರು ವಾಪಸ್ ಪಡೆದಳು. ಕೇರಿಯವರು ಮಾತ್ರ ಬಿಡಲಿಲ್ಲ, ನಲ್ಲಿಯ ಬೀಗದ ಕೈ ಕಿತ್ತುಕೊಂಡರು. ಇಪ್ಪತ್ಮೂರು ಜನರಲ್ಲಿ ಹದಿನಾಲ್ಕು ಮಂದಿ ಅವಳಲ್ಲಿಗೆ ಮರಳಿದರು. ಒಂಬತ್ತು ಮಂದಿ ಚೆಬೆಟ್‌ಳಲ್ಲೇ ಉಳಿದರು. ಒಗೋಲನಿಗಿದ್ದ ಒಂದೇ ಕೆಲಸ ಹೋಯಿತು.